ಪದಚರ್ಚೆ: ‘ಮೇಲೆ ರೆಕಾರ್ಡ್ ಮಾಡು’ ಅಂದರೆ ಅಳಿಸುವುದೋ, ಸೇರಿಸುವುದೋ?

ಮನೆಯಲ್ಲೇ ಹಾಡು, ವಾದ್ಯ ಮುದ್ರಿಸಿಕೊಳ್ಳುವ ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್ (ಒಂದೊಂದು ದನಿಯನ್ನೂ ಬೇರೆಬೇರೆ ‘ಟ್ರ್ಯಾಕ್’ನಲ್ಲಿ ಹಿಡಿದಿಡುವ ಯಂತ್ರ) ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಹೆಸರುಪದಗಳ ತಂಟೆ ಅಷ್ಟಿಲ್ಲ. ಮೈಕ್, ಕೇಬಲ್, ಹೆಡ್‌ಫೋನ್, ಫೇಡರ್ (ದನಿ ಏರಿಳಿಸಲು ಜಾರಿಸುವ ಗುಂಡಿ), ಮಿಕ್ಸ್ ಎಂದೇ ಎಲ್ಲರೂ ಅನ್ನುವುದು, ಹಾಗೇ ಬಿಟ್ಟಿದ್ದೇನೆ. ಕೈ ಕಟ್ಟಿರುವುದು ಕ್ರಿಯಾಪದಗಳಲ್ಲಿ. ಅಲ್ಲಿ ಅರ್ಥ ಹೆಚ್ಚುಕಡಿಮೆಯಾದರೆ ಹಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಮುಖ್ಯ ತೊಡಕು ‘ಓವರ್‌ಡಬ್’. ಮೊದಲು ಮುದ್ರಿಸಿದ್ದನ್ನು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾ ಇನ್ನೊಂದು ಟ್ರ್ಯಾಕಿನಲ್ಲಿ ಹೊಸದನ್ನು ಸೇರಿಸುವುದಕ್ಕೆ ಈ ಹೆಸರು. ಹಳೆಯದಕ್ಕೆ ಏನೂ ಆಗುವುದಿಲ್ಲ. ‘ಓವರ್’ ಇದೆಯಲ್ಲ ಎಂದು ‘ಮೇಲೆ ರೆಕಾರ್ಡ್ ಮಾಡಿ’ ಅಂತ ಬರೆದರೆ ಅರ್ಥ ತಿರುವುಮುರುವು. ಕ್ಯಾಸೆಟ್ ಕಾಲದಿಂದಲೂ ನಮ್ಮಲ್ಲಿ ‘ಅದರ ಮೇಲೇ ರೆಕಾರ್ಡ್ ಮಾಡಿಬಿಟ್ಟ’ ಎಂದರೆ ಹಳೆಯ ಹಾಡು ಹೋಯಿತು ಎಂದೇ ಲೆಕ್ಕ. ಯಂತ್ರದಲ್ಲಿ ಎರಡೂ ಕೆಲಸಗಳಿಗೆ ಅವಕಾಶವಿದೆ, ಒತ್ತುವ ಗುಂಡಿಗಳೂ ಬಹುಪಾಲು ಅವೇ. ಟ್ರ್ಯಾಕ್ 1ರಲ್ಲಿ ತಂಬೂರಿ ಇದ್ದು, ಟ್ರ್ಯಾಕ್ 2ನ್ನು ಆರಿಸಿ ಹಾಡಿದರೆ ಓವರ್‌ಡಬ್. ಮತ್ತೆ 1ನ್ನೇ ಆರಿಸಿ ಹಾಡಿದರೆ ತಂಬೂರಿಯ ಜಾಗಕ್ಕೆ ಹಾಡು ಬಂದು ಕೂರುತ್ತದೆ. ‘ಡಬ್’ ಮಾಡು ಅನ್ನೋಣವೆಂದರೆ ಆ ಪದವನ್ನು ಸಿನಿಮಾದವರು ಯಾವತ್ತೋ ಆಕ್ರಮಿಸಿಕೊಂಡಾಗಿದೆ. ಸದ್ಯಕ್ಕೆ ‘ಜೊತೆಗೂಡಿಸು’ ಎಂದಿಟ್ಟಿದ್ದೇನೆ. ‘ತಂಬೂರಿಗೆ ಹಾಡನ್ನು ಜೊತೆಗೂಡಿಸುವಾಗ ಸ್ಪೀಕರ್ ಮುಚ್ಚಿ, ಹೆಡ್‌ಫೋನಿನಲ್ಲೇ ಕೇಳಿ, ಇಲ್ಲವಾದರೆ ತಂಬೂರಿ ಮೈಕಿಗೂ ನುಗ್ಗಿ ಹಾಡಿನ ಟ್ರ್ಯಾಕಿನಲ್ಲೂ ಉಳಿದುಬಿಡುತ್ತದೆ’ – ಇದು ಕನ್ನಡವಾಗಿ ಓದಿಸಿಕೊಳ್ಳುತ್ತದೆಯೆ?

‘ಟ್ರ್ಯಾಕ್’ ಕೂಡ ಅಷ್ಟು ಸಾಧುವಲ್ಲ. ಹಾಡುವವರ ಬಾಯಲ್ಲಿ ಅದಕ್ಕೆ ಬೇರೆ ಎರಡು ಅರ್ಥ ಆಗಲೇ ಇವೆ. ಮುಖ್ಯ ಗಾಯಕರು ಬರುವ ಮುಂಚೆ ಬೇರೆಯವರಿಂದ ಹಾಡಿಸಿಟ್ಟ ಮಾದರಿ ಹಾಡು ಒಂದು. ‘ಟ್ರ್ಯಾಕ್ ಹಾಕಿಕೊಂಡು ಹಾಡಿದರು’ ಅನ್ನುವಾಗಿನ ಬರೀ ವಾದ್ಯಗಳ ಸಂಗೀತ ಇನ್ನೊಂದು. ಆದ್ದರಿಂದ ‘ಟ್ರ್ಯಾಕ್ ಅಳಿಸಿ’ ಎಂದು ಬರೆದರೆ ಒಬ್ಬೊಬ್ಬರು ಒಂದೊಂದು ಅಳಿಸಿಯಾರು. ಮೂಲದಲ್ಲಿ ಇದು ಟೇಪಿನ ಮೇಲಿನ ನಿಜವಾದ ಪಟ್ಟಿ. ಮಾಮೂಲಿ ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಎರಡು, ಮಗುಚಿದರೆ ಇನ್ನೆರಡು. 1979ರಲ್ಲಿ ಬಂದ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ 144 ಎಂಬ ಕ್ಯಾಸೆಟ್ ರೆಕಾರ್ಡರ್ ಆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಓಡಿಸಿ, ಮನೆಯಲ್ಲೇ ಬಹುಟ್ರ್ಯಾಕ್ ಮುದ್ರಣವನ್ನು ಸುಲಭವಾಗಿಸಿತು. ಈಗ ಟೇಪೂ ಇಲ್ಲ, ಪಟ್ಟಿಯೂ ಇಲ್ಲ. ಮೆಮೊರಿ ಕಾರ್ಡಿನಲ್ಲಿ ಒಂದಷ್ಟು ಫೈಲುಗಳು. ‘ಪಥ’ ಎಂದರೆ ರಸ್ತೆ ಇಲಾಖೆ ನೆನಪಾಗುತ್ತದೆ, ‘ಜಾಡು’ ಎಂದರೆ ಕಳ್ಳನ ಹೆಜ್ಜೆ. ‘ಎಳೆ’ ನನಗಿಷ್ಟ. ಆದರೆ ಯಂತ್ರದ ಮೇಲೆ ಅಚ್ಚಾಗಿರುವುದು ಟ್ರ್ಯಾಕ್ ಎಂದೇ ಆಗಿರುವಾಗ ಓದುಗರು ಎಳೆಯನ್ನು ಎಲ್ಲಿ ಹುಡುಕಬೇಕು? ಸಂಖ್ಯೆ ಸೇರಿಸಿ ‘ಟ್ರ್ಯಾಕ್ 3’ ಎಂದೇ ಎಲ್ಲೆಡೆ ಬರೆಯುವುದು ಸರಿ ಅನ್ನಿಸಿದೆ.

‘ಆರ್ಮ್’ ಅಂದರೆ ಯಾವ ಟ್ರ್ಯಾಕಿಗೆ ಮುದ್ರಣವಾಗಬೇಕೆಂದು ಮೊದಲೇ ಗೊತ್ತುಮಾಡುವುದು. ಪಕ್ಕದ ಕೆಂಪು ದೀಪ ಮಿನುಗುತ್ತದೆ. ನಿಘಂಟಿನ ‘ಸಜ್ಜುಗೊಳಿಸು’ ತಪ್ಪಲ್ಲ, ಆದರೆ ಅದರಲ್ಲಿ ಅಪಾಯದ ಸುಳಿವೇ ಇಲ್ಲ. ‘ತೆರೆ–ಮುಚ್ಚು’ ಜೋಡಿ ಹೇಗೆ? ‘ಟ್ರ್ಯಾಕ್ 3 ತೆರೆದಿದೆ’ ಅಂದರೆ ಏನು ಬೇಕಾದರೂ ಒಳಗೆ ಬಂದೀತು ಎಂಬ ಎಚ್ಚರವೂ ಬರುತ್ತದೆ. ಫೈಲ್ ತೆರೆಯುವುದರ ಜೊತೆ ಗೊಂದಲವಾದೀತೇ ಎಂಬುದೊಂದೇ ಅಳುಕು.

‘ಬೌನ್ಸ್’ ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ವಾಪಸಾದ ಚೆಕ್ಕು. ಇಲ್ಲಿ ಅದು ಯಶಸ್ವಿ ಕೆಲಸ: ನಾಲ್ಕಾರು ಟ್ರ್ಯಾಕ್‌ಗಳನ್ನು ಕಲಸಿ ಎರಡಕ್ಕೆ ತಂದು ಉಳಿದವನ್ನು ಖಾಲಿ ಮಾಡಿಕೊಳ್ಳುವುದು. ಟೇಪಿನಲ್ಲಾದರೆ ಪ್ರತಿ ಸಲವೂ ಹಿಸ್ಸೆಂಬ ಸದ್ದು ಏರುತ್ತಿತ್ತು, ಡಿಜಿಟಲ್‌ನಲ್ಲಿ ಆ ಕಾಟವಿಲ್ಲ. ಮೂಲ ಟ್ರ್ಯಾಕ್ ಅಳಿಸಿದ ಮೇಲೆ ತಬಲಾ ಮಾತ್ರ ಸ್ವಲ್ಪ ಕಡಿಮೆ ಮಾಡೋಣವೆಂದರೆ ಮಾತ್ರ ಆಗದು. ಹಾಗಾಗಿ ‘ಬೆಸೆ’ ಎಂದಿದ್ದೇನೆ. ಬೆಸೆದದ್ದನ್ನು ಬಿಡಿಸಲಾಗದು ಎಂಬುದು ಪದದೊಳಗೇ ಇದೆ.

‘ಪಂಚ್ ಇನ್’ ಸುಲಭವಾಗಿ ಸಿಕ್ಕಿತು: ತೇಪೆ ಹಾಕು. ಸಾಲೊಂದು ಕೆಟ್ಟರೆ ಅಷ್ಟನ್ನೇ ಮತ್ತೆ ಹಾಡಿ ಕೂರಿಸುವುದು ತೇಪೆಯಲ್ಲದೆ ಇನ್ನೇನು! ಉಸಿರು ತೆಗೆಯುವ ಜಾಗದಲ್ಲಿ ಹೊಲಿಗೆ ಬಿದ್ದರೆ ಕೇಳುಗರಿಗೆ ಗೊತ್ತಾಗುವುದಿಲ್ಲ. ಮಾತಿನಲ್ಲಿ ‘ತೇಪೆ ಹಚ್ಚುವುದು’ ಹಗುರವಾದ ಬಳಕೆ, ನಿಜ. ನನಗೇನೂ ಅಭ್ಯಂತರವಿಲ್ಲ.

ಯಂತ್ರಾನುವಾದ ‘ಗೇನ್’ ಅನ್ನು ‘ಲಾಭ’ ಮಾಡಿತ್ತು, ಮೈಕಿಗೆ 48 ವೋಲ್ಟ್ ಕಳಿಸುವ ‘ಫ್ಯಾಂಟಮ್ ಪವರ್’ ಅನ್ನು ‘ಭೂತ ಶಕ್ತಿ’. ಎರಡನೆಯದನ್ನು ಬಿಡಲು ಮನಸ್ಸೇ ಬರಲಿಲ್ಲ. ಗೇನ್, ವಾಲ್ಯೂಮ್ ಎರಡಕ್ಕೂ ಆಡುಮಾತಿನಲ್ಲಿ ‘ಸೌಂಡ್ ಜಾಸ್ತಿ ಮಾಡು’ ಎಂದೇ ಅನ್ನುತ್ತೇವೆ. ಗೇನ್ ಒಳಬರುವ ದನಿಗೆ, ಫೇಡರ್ ಸಾಮಾನ್ಯವಾಗಿ ಕೇಳುವ ದನಿಗೆ. ಮೀಟರಿನಲ್ಲಿ ಜೋರಾದ ಜಾಗ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಾಕು. ಸೊನ್ನೆ ದಾಟಲು ಹೋದರೆ ಅಲೆಯ ತುದಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ, ಆಮೇಲೆ ಫೇಡರ್ ಎಷ್ಟು ಇಳಿಸಿದರೂ ಒಡೆದದ್ದು ಒಡೆದದ್ದೇ. ‘ದನಿ ಒಡೆಯುವುದು’ ಹುಡುಗರ ಪ್ರಾಯಕ್ಕೂ ಸಲ್ಲುವ ಮಾತು, ಆದರೂ ಸಂದರ್ಭ ಕಾಪಾಡುತ್ತದೆ.

ಆರೈಕೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದದ್ದು ‘ಆಫ್ ಮಾಡಿ’, ‘ಕ್ಲೀನ್ ಮಾಡಿ’ ಎಂಬ ಪುಟ್ಟ ಮಾತುಗಳಲ್ಲಿ. ‘ಆಫ್ ಮಾಡಿ’ ಅಂದರೆ ಗೋಡೆಯ ಸ್ವಿಚ್ಚಿಗೆ ಕೈ ಹೋಗುತ್ತದೆ. ಅನೇಕ ಯಂತ್ರಗಳು ಹಾಡಿನ ವಿವರಗಳನ್ನು ಕಾರ್ಡಿಗೆ ಬರೆದುಕೊಳ್ಳುವುದು ತಮ್ಮ ಪವರ್ ಗುಂಡಿ ಒತ್ತಿದ ಮೇಲೆ. ಅಷ್ಟರಲ್ಲಿ ಕರೆಂಟ್ ತಪ್ಪಿದರೆ ಹಾಡು ತೆರೆಯದೇ ಹೋಗಬಹುದು. ಹಾಗಾಗಿ ‘ಪವರ್ ಗುಂಡಿ ಒತ್ತಿ, ಪರದೆ ಆರುವವರೆಗೆ ಕಾಯಿರಿ’ ಎಂದು ಉದ್ದಕ್ಕೇ ಬರೆದೆ. ‘ಕ್ಲೀನ್’ ಇನ್ನೂ ಕಷ್ಟ. ಮೆತ್ತನೆಯ ಒಣಬಟ್ಟೆಯಿಂದ ಫೇಡರಿನ ಧೂಳು ಒರೆಸುವುದೂ ಕ್ಲೀನೇ, ಕಾರ್ಡ್ ಫಾರ್ಮ್ಯಾಟ್ ಮಾಡಿ ಇದ್ದದ್ದನ್ನೆಲ್ಲ ಅಳಿಸುವುದೂ ಕ್ಲೀನೇ. ಮೊದಲನೆಯದಕ್ಕೆ ‘ಒರೆಸಿ’ ಸಾಕು. ಎರಡನೆಯದಕ್ಕೆ ‘ಫಾರ್ಮ್ಯಾಟ್’ ಎಂದೇ ಬಿಟ್ಟರೆ ಹೊಸಬರನ್ನು ಅದು ಬೆದರಿಸುವುದಿಲ್ಲ, ‘ಬರಿದು ಮಾಡು’ ಅಂದರೆ ಪರದೆಯ ಮೇಲೆ ಆ ಆಯ್ಕೆ ಕಾಣುವುದಿಲ್ಲ. ಇದಕ್ಕೂ, ‘ತೆರೆ–ಮುಚ್ಚು’ಗೂ ನೀವು ನಿಜವಾಗಿ ಆಡುವ ಮಾತು ಬೇರೆ ಇದ್ದರೆ ಒಂದೊಂದು ವಾಕ್ಯದಲ್ಲಿ ಬಳಸಿ ತೋರಿಸಿ.