ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ಕೀಟನಾಶಕ ನೋಂದಣಿ, ಫೀಸು: ಅನುಭವ ಇದ್ದವರು ಹೇಳಿ

ನಮಸ್ಕಾರ. ಬೆಂಗಳೂರಿನಲ್ಲಿ ಸಣ್ಣ ಕೀಟನಾಶಕ ಕಂಪನಿಯೊಂದರ ನೋಂದಣಿ ಕೆಲಸ ನೋಡ್ಕೋತೀನಿ. ನಮ್ಮ ಒಂದು ಶಿಲೀಂಧ್ರನಾಶಕಕ್ಕೆ ನೆದರ್ಲೆಂಡ್ಸ್‌ನಲ್ಲಿ ಪರವಾನಗಿ ಇದೆ. ಈಗ ಇಂಗ್ಲೆಂಡಿನ ವಿತರಕರೊಬ್ಬರು ಮಾಲು ಕೇಳ್ತಿದ್ದಾರೆ. ಡಚ್ ಕಾಗದ ತೋರಿಸಿದರೆ ಅಲ್ಲಿ ಮಾನ್ಯತೆ ಸಿಗುತ್ತೆ ಅಂತ ನಮ್ಮ ಯಜಮಾನರ ನಂಬಿಕೆ. ಫೀಸಿಗೆ ಎಷ್ಟು ಎತ್ತಿಡಬೇಕು ಅಂತಾನೂ ಕೇಳಿದ್ದಾರೆ. ಈ ದಾರಿ ತುಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಯಾರ್ಕ್‌ನಲ್ಲಿ ಕೆಲಸ ಮಾಡಿ ಬಂದವನು:

ಸರ್, ಯಜಮಾನರಿಗೆ ಮೊದಲು ಒಂದು ತಾರೀಖು ತೋರಿಸಿ: 31 ಡಿಸೆಂಬರ್ 2020, ರಾತ್ರಿ 11 ಗಂಟೆ. ಒಕ್ಕೂಟದ ನಿಯಮಗಳಿಂದ ಬ್ರಿಟನ್ ಪೂರ್ತಿ ಹೊರಬಂದ ಗಳಿಗೆ ಅದು. ಅಲ್ಲಿಯವರೆಗೆ ಅವರು ಹೇಳೋದು ಸರಿ ಇತ್ತು. ಬ್ರಿಟನ್, ನೆದರ್ಲೆಂಡ್ಸ್, ಜರ್ಮನಿ, ಪೋಲೆಂಡ್ ಎಲ್ಲ ಐರೋಪ್ಯ ಒಕ್ಕೂಟದ ಮಧ್ಯ ವಲಯದಲ್ಲಿದ್ದವು. ಒಂದು ದೇಶ ಪರೀಕ್ಷಿಸಿ ಒಪ್ಪಿದರೆ ಉಳಿದವು ಅದನ್ನೇ ಆಧಾರ ಮಾಡ್ಕೊಂಡು ಪರವಾನಗಿ ಕೊಡ್ತಿದ್ದವು. ಆ ಬಾಗಿಲು ಮುಚ್ಚಿತು. ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಬ್ರಿಟನ್‌ನ ಎಚ್‌ಎಸ್‌ಇ (ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರ) ಕಚೇರಿಗೇ ಬೇರೆ ಅರ್ಜಿ, ಬೇರೆ ಫೀಸು.

ವಿಚಿತ್ರ ಏನಂದ್ರೆ ಕಾನೂನಿನ ಮೈ ಹಳೇದೇ. ಒಕ್ಕೂಟದ 2009ರ ನಿಯಮ 1107ನ್ನೇ ಎತ್ತಿಟ್ಟುಕೊಂಡು, 2019ರ ತಿದ್ದುಪಡಿಗಳಲ್ಲಿ ‘ಆಯೋಗ’, ‘ಸದಸ್ಯ ರಾಷ್ಟ್ರ’ ಅಂತ ಇದ್ದಲ್ಲೆಲ್ಲ ತಮ್ಮದೇ ಪ್ರಾಧಿಕಾರವನ್ನು ಕೂರಿಸಿದರು. ಓದಿದರೆ ‘ಬರೀ ಹೆಸರು ಬದಲಾಯಿಸಿದ್ದಾರಲ್ಲ’ ಅನ್ಸುತ್ತೆ. ಆದರೆ ಮುಂಚೆ ಒಂದು ರಾಸಾಯನಿಕದ ಅಧ್ಯಯನವನ್ನು ಒಂದು ದೇಶ ಮಾಡಿ ಎಲ್ಲರಿಗೂ ಹಂಚುತ್ತಿತ್ತು, ಈಗ ಅಷ್ಟೂ ಕೆಲಸ ಒಂದೇ ಕಚೇರಿಯ ತಲೆ ಮೇಲೆ. ಕೆಲಸದ ಖರ್ಚು ಅರ್ಜಿದಾರನಿಂದ ವಸೂಲು ಮಾಡೋದು ಅಲ್ಲಿನ ಪದ್ಧತಿ, ಹಾಗಾಗಿ ಬಿಸಿ ನಮಗೇ ತಟ್ಟೋದು.

ಫೀಸಿನ ಲೆಕ್ಕದಲ್ಲಿ ಹೊಸಬರು ಎಡವೋ ಜಾಗ ಒಂದಿದೆ. ಅರ್ಜಿ ಶುಲ್ಕ ಕಟ್ಟಿದರೆ ಮುಗೀತು ಅಂದ್ಕೋತಾರೆ. ಅದು ಅರ್ಜಿಯ ಬಗೆ ನೋಡಿ ಒಂದು ಸಲ ಕಟ್ಟೋದು. ಅದರ ಮೇಲೆ, ಪರವಾನಗಿ ಇಟ್ಟುಕೊಂಡವರ ಅಲ್ಲಿನ ವಹಿವಾಟಿನ ಮೇಲೆ ವರ್ಷ ವರ್ಷ ಇನ್ನೊಂದು ಶುಲ್ಕ ಬರುತ್ತೆ. ಅದನ್ನು ಬಜೆಟ್‌ನಲ್ಲಿ ಮೊದಲೇ ಬರೆದಿಡಿ. ದರ ಆಗಾಗ ಬದಲಾಗುತ್ತೆ, ಯಾರೋ ಕಳಿಸಿದ ಹಳೇ ಪಟ್ಟಿ ನಂಬಬೇಡಿ.

ನಾನು ಪೆಟ್ಟು ತಿಂದಿದ್ದು ಫೀಸಿನಿಂದಲ್ಲ, ಒಂದು ಪುಟದ ಕಾಗದದಿಂದ. ಬೇರೆ ಕಂಪನಿಯ ಪ್ರಯೋಗ ಮಾಹಿತಿ ಬಳಸೋಕೆ ಅವರಿಂದ ಅನುಮತಿ ಪತ್ರ ತಗೊಂಡಿದ್ವಿ, ದುಡ್ಡು ಕೊಟ್ಟೇ. ಅದರಲ್ಲಿ ಬರೆದಿದ್ದದ್ದು ‘ಒಕ್ಕೂಟದ ಸದಸ್ಯ ರಾಷ್ಟ್ರಗಳಲ್ಲಿ’ ಅಂತ. ಬ್ರಿಟನ್ ಆಗ ಸದಸ್ಯನಾಗಿ ಉಳಿದಿರಲಿಲ್ಲ. ಅದೇ ಕಂಪನಿ ಒಂದು ಸಾಲು ಸೇರಿಸೋಕೆ ಮತ್ತೆ ದುಡ್ಡು ಕೇಳಿತು, ಐದು ತಿಂಗಳು ಎಳೆಯಿತು. ನಿಮ್ಮ ಪತ್ರ ಇವತ್ತೇ ತೆಗೆದು ಆ ಸಾಲು ಓದಿ.

ಇನ್ನೊಂದು, ನಿಮ್ಮ ಮೂಲ ರಾಸಾಯನಿಕಕ್ಕೆ ಬ್ರಿಟನ್‌ನಲ್ಲಿ ಒಪ್ಪಿಗೆ ಇದೆಯಾ ಅಂತ ಅವರ ರಿಜಿಸ್ಟರ್‌ನಲ್ಲೇ ನೋಡಿ. ಹೊರಬಂದಾಗ ಇದ್ದ ಒಪ್ಪಿಗೆಗಳು ಮುಂದುವರಿದವು, ಮೂರು ವರ್ಷದೊಳಗೆ ಮುಗಿಯಬೇಕಿದ್ದವಕ್ಕೆ ಇನ್ನೂ ಮೂರು ವರ್ಷ ಸಿಕ್ಕಿತು. ಆಮೇಲೆ ಬ್ರಸೆಲ್ಸ್ ಒಪ್ಪಿದ್ದಾಗಲಿ ಕೈಬಿಟ್ಟಿದ್ದಾಗಲಿ ಲಂಡನ್‌ಗೆ ತಾನಾಗಿ ಬರಲ್ಲ. ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ನೋಡಿ, ಒಕ್ಕೂಟ 2020ರಲ್ಲೇ ನವೀಕರಿಸದೆ ಬಿಟ್ಟಿತು, ಬ್ರಿಟನ್‌ನಲ್ಲಿ ಅದಾದ ಮೇಲೂ ವರ್ಷಗಟ್ಟಲೆ ಮಾರಾಟ ನಡೀತು.

ತುಮಕೂರು ಕಡೆಯ ಮಿಡಿಸೌತೆ ರಫ್ತು:

ನಾವು ಔಷಧಿ ಮಾರೋರಲ್ಲ, ಹೊಡೆಸೋರು. ಆದರೂ ಇದೇ ಗೋಳು ನಮಗೆ ಬೇರೆ ರೂಪದಲ್ಲಿ ಬಂದಿದೆ. ಮಿಡಿಸೌತೆ ಕೊಯ್ಲು ಶುರುವಾದರೆ ದಿನಾ ಕೀಳಬೇಕು, ಒಂದು ದಿನ ಬಿಟ್ಟರೆ ಕಾಯಿ ಬಲಿತು ಗ್ರೇಡ್ ಹೋಯ್ತು. ಹೊಡೆದ ಮೇಲೆ ಕೀಳೋಕೆ ಏಳು ದಿನ ಕಾಯಬೇಕಾದ ಔಷಧಿ ನಮ್ಮ ರೈತರಿಗೆ ಇದ್ದೂ ಇಲ್ಲದ ಹಾಗೆ. ಮುಂಚೆ ಗೋಡೆ ಮೇಲೆ ಯುರೋಪಿಗೆ ಅಂತ ಒಂದೇ ಶೇಷ ಮಿತಿ (ಕಾಯಿಯಲ್ಲಿ ಔಷಧಿ ಎಷ್ಟರವರೆಗೆ ಉಳಿದಿರಬಹುದು ಅನ್ನೋದರ) ಪಟ್ಟಿ ಅಂಟಿಸಿದ್ವಿ. ಈಗ ಎರಡು. ಬ್ರಿಟನ್ ತನ್ನ ಮಿತಿಗಳನ್ನು ಬೇರೆ ರಿಜಿಸ್ಟರ್‌ನಲ್ಲಿ ಇಟ್ಟಿದೆ. ನಿರ್ದಿಷ್ಟ ಮಿತಿ ಇಲ್ಲದ ಔಷಧಿಗೆ ಎರಡೂ ಕಡೆ ಕೆ.ಜಿ.ಗೆ 0.01 ಮಿಲಿಗ್ರಾಂ, ಆದರೆ ಉಳಿದವು ನಿಧಾನಕ್ಕೆ ದೂರ ಸರೀತಿವೆ. ಜೇನುನೊಣಗಳ ಕಾರಣಕ್ಕೆ ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಅನ್ನೋ ಎರಡು ಕೀಟನಾಶಕಗಳ ಮಿತಿಯನ್ನು ಒಕ್ಕೂಟ ಕನಿಷ್ಠಕ್ಕೆ ಇಳಿಸೋ ನಿಯಮ ತಂದಿತು, ಜಾರಿಯ ದಿನ 7 ಮಾರ್ಚ್ 2026. ಅದು ಒಕ್ಕೂಟದ್ದು, ಬ್ರಿಟನ್‌ದಲ್ಲ. ನಾವು ರೈತರಿಗೆ ಎರಡು ಪಟ್ಟಿ ಕೊಡೋ ಗೋಜಿಗೇ ಹೋಗಲ್ಲ. ಎರಡರಲ್ಲಿ ಬಿಗಿ ಯಾವುದೋ ಅದನ್ನೇ ಹೊಲಕ್ಕೆ ಕಳಿಸ್ತೀವಿ. ಸೌತೆ ತುಂಬಿದ ಡ್ರಮ್ಮು ಯಾವ ಬಂದರಿಗೆ ಹೋಗುತ್ತೆ ಅಂತ ಔಷಧಿ ಹೊಡೆಯೋ ದಿನ ಯಾರಿಗೆ ಗೊತ್ತು?

ಲಿಂಕನ್‌ಶೈರ್‌ನಿಂದ:

ಇಲ್ಲಿ ಬೀಟ್, ಆಲೂಗಡ್ಡೆ ಬೆಳೆಯೋ ತೋಟದಲ್ಲಿ ಸ್ಪ್ರೇ ಗೋದಾಮು ನೋಡ್ಕೊಳ್ಳೋದು ನನ್ನ ಕೆಲಸ. ನಾವು ಕ್ಯಾನ್ ಎತ್ತಿದ ಕೂಡಲೇ ನೋಡೋದು ಮ್ಯಾಪ್ ನಂಬರ್, ಅಂದರೆ ಲೇಬಲ್ ಮೇಲಿನ ಬ್ರಿಟನ್ ಪರವಾನಗಿ ಸಂಖ್ಯೆ. ಅದು ಇಲ್ಲದಿದ್ದರೆ, ಒಳಗೆ ಅದೇ ದ್ರಾವಣ ಇದ್ದರೂ ಮುಟ್ಟಲ್ಲ. ಮುಂಚೆ ಫ್ರಾನ್ಸ್‌ನಿಂದಲೋ ಜರ್ಮನಿಯಿಂದಲೋ ಅದೇ ಮಾಲನ್ನು ಅಗ್ಗಕ್ಕೆ ತರೋ ಸಮಾನಾಂತರ ವ್ಯಾಪಾರದ ಪರವಾನಗಿ ಇತ್ತು. ಹಳೇ ಪರವಾನಗಿಗಳಿಗೆ 2022ರ ಕೊನೆವರೆಗೆ ಅಷ್ಟೇ ಅವಕಾಶ ಕೊಟ್ಟರು. ಡಚ್ ಲೇಬಲ್ ಮೇಲೆ ಸ್ಟಿಕ್ಕರ್ ಅಂಟಿಸಿ ಕಳಿಸಿ ಅಂತ ನಿಮ್ಮ ವಿತರಕರು ಹೇಳಿದರೆ ಅವರನ್ನೇ ಬದಲಾಯಿಸಿ. ಮಾರೋರು, ಸಂಗ್ರಹಿಸೋರು, ಬಳಸೋರು ಸರ್ಕಾರಕ್ಕೆ ತಮ್ಮ ವಿವರ ಕೊಡೋದು 2022ರಿಂದ ಕಡ್ಡಾಯ, ಅವರದ್ದು ಆಗಿದೆಯಾ ಅಂತಾನೂ ಕೇಳಿ.

ಯಾರ್ಕ್‌ನಲ್ಲಿ ಕೆಲಸ ಮಾಡಿ ಬಂದವನು:

ಬೆಲ್‌ಫಾಸ್ಟ್ ಮರೆತಿದ್ದೆ. ಉತ್ತರ ಐರ್ಲೆಂಡ್‌ಗೆ ಕೀಟನಾಶಕದ ವಿಷಯದಲ್ಲಿ ಈಗಲೂ ಒಕ್ಕೂಟದ ನಿಯಮವೇ. ವಿತರಕರು ‘ಯುಕೆ’ ಅಂದರೆ ಯಾವ ಯುಕೆ, ಉತ್ತರ ಐರ್ಲೆಂಡ್ ಸೇರಿಯೋ ಬಿಟ್ಟೋ ಅಂತ ಬರಹದಲ್ಲಿ ತರಿಸಿಕೊಳ್ಳಿ.

ರೆಡಿಂಗ್‌ನ ಹಿತ್ತಲು ಕೃಷಿಕಿ:

ವಿಷಯ ಸ್ವಲ್ಪ ಆಚೆ, ಕ್ಷಮಿಸಿ. ಅಮ್ಮ ಊರಿಂದ ಬರುವಾಗ ನನ್ನ ಹೀರೆಬಳ್ಳಿಗೆ ಅಂತ ಸೂಟ್‌ಕೇಸಲ್ಲಿ ಔಷಧಿ ಡಬ್ಬಿ ತಂದಿದ್ದರು. ಇಲ್ಲಿ ಪರವಾನಗಿ ಇಲ್ಲದ್ದನ್ನು ಹಿತ್ತಲಲ್ಲೂ ಹೊಡೆಯೋ ಹಾಗಿಲ್ಲ ಅಂದರೆ ‘ನಿಮ್ಮಪ್ಪ ನಲವತ್ತು ವರ್ಷ ಹೊಡೆದಿದ್ದಾರೆ’ ಅಂದರು. ಬಸವನಹುಳು ಗುಳಿಗೆಯ ಮೆಟಾಲ್ಡಿಹೈಡ್ ಕೂಡ 2022ರ ಮಾರ್ಚ್ 31ರಿಂದ ಹೊರಗೆ ಬಳಸೋ ಹಾಗಿಲ್ಲ. ರಾತ್ರಿ ಟಾರ್ಚ್ ಹಿಡಿದು ಹುಳ ಹೆಕ್ಕೋದು ಈಗ ಅಮ್ಮನ ಪಾಳಿ.

ಕೇಳಿದವನು:

ಎಲ್ಲರಿಗೂ ಧನ್ಯವಾದ. ಅನುಮತಿ ಪತ್ರ ತೆಗೆದು ನೋಡಿದೆ ಸರ್. ‘ಸದಸ್ಯ ರಾಷ್ಟ್ರಗಳಲ್ಲಿ’ ಅಂತಲೇ ಇದೆ. ಯಜಮಾನರ ಮುಂದೆ ಸೋಮವಾರ ಇಡ್ತೀನಿ.