ನಲವತ್ತು ಜನರ ಬಳಿ ಒಂದೇ ಕೀಲಿ: ವಿಪಿಎನ್ ಪಿಎಸ್‌ಕೆ ಕುರಿತು ಪ್ರಶ್ನೋತ್ತರ

ನಿರ್ವಾಹಕರು: ಈ ವಾರದ ವಿಷಯ ವಿಪಿಎನ್‌ನ (ಅಂತರ್ಜಾಲದ ಮೂಲಕ ಎರಡು ಕಡೆಗಳನ್ನು ಜೋಡಿಸುವ ಗೂಢಲಿಪಿಯ ಖಾಸಗಿ ಸುರಂಗದ) ಪ್ರೀ-ಶೇರ್ಡ್ ಕೀ (ಪಿಎಸ್‌ಕೆ), ಅಂದರೆ ಸಂಪರ್ಕ ಏರ್ಪಡುವ ಮೊದಲೇ ಎರಡೂ ಬದಿಯ ಸಾಧನಗಳಲ್ಲಿ ಬರೆದಿಡುವ ಗುಟ್ಟಿನ ಕೀಲಿ. ಜಾಲ ಭದ್ರತೆಯ ಎಂಜಿನಿಯರ್ ಆಗಿರುವ ನಮ್ಮ ಸದಸ್ಯೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ನಿಮ್ಮ ನಿಜವಾದ ಕೀಲಿಯನ್ನಾಗಲಿ ಐಪಿ ವಿಳಾಸವನ್ನಾಗಲಿ ದಯವಿಟ್ಟು ಇಲ್ಲಿ ಬರೆಯಬೇಡಿ.

ದಾವಣಗೆರೆಯ ಸದಸ್ಯರು: ನಮಸ್ಕಾರ ಮೇಡಂ. ವಿಪಿಎನ್‌ಗೆ ಕೊಡುವ ಪಿಎಸ್‌ಕೆ ಎಷ್ಟು ಅಕ್ಷರ ಉದ್ದವಿರಬೇಕು?

ಉತ್ತರ: ನಮಸ್ಕಾರ. ಉದ್ದಕ್ಕಿಂತಲೂ ಅದು ಹುಟ್ಟಿದ ಬಗೆ ಮುಖ್ಯ. ಕಂಪ್ಯೂಟರಿನಿಂದಲೇ ಯಾದೃಚ್ಛಿಕವಾದ 32 ಬೈಟ್‌ಗಳನ್ನು ಪಡೆಯಿರಿ. ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್‌64 ರೂಪದಲ್ಲಿ ಅದು 44 ಅಕ್ಷರಗಳಾಗುತ್ತದೆ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶ ಇರುವ ಯಾವುದೇ ಲಿನಕ್ಸ್ ಯಂತ್ರ ಇದನ್ನು ಒಂದೇ ಆಜ್ಞೆಗೆ ಕೊಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಬೇಕಾದುದು ಸಾಧನಗಳು, ಮನುಷ್ಯರಲ್ಲ. ಆದ್ದರಿಂದ ಬಾಯಿಪಾಠಕ್ಕೆ ಸುಲಭವಾಗಲೆಂದು ಮೊಟಕು ಮಾಡುವುದರಲ್ಲಿ ಅರ್ಥವಿಲ್ಲ.

ಸಾಗರದ ಸದಸ್ಯರು: ಮೇಡಂ, ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತೇನೆ. ಕೇಂದ್ರ ಕಚೇರಿಯ ಫೈರ್‌ವಾಲ್‌ಗೆ ಆರು ಶಾಖೆಗಳು ಐಪಿಸೆಕ್ ಎಂಬ ವಿಪಿಎನ್ ವಿಧಾನದ ಮೂಲಕ ಸೇರಿಕೊಂಡಿವೆ. ಶಾಖೆಗಳಲ್ಲಿ ಸಾಮಾನ್ಯ ಬ್ರಾಡ್‌ಬ್ಯಾಂಡ್ ಇರುವುದರಿಂದ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಆರಕ್ಕೂ ಒಂದೇ ಪಿಎಸ್‌ಕೆ. ಅದು ಸಂಘದ ಹೆಸರು ಮತ್ತು ಸಂಘ ನೋಂದಣಿಯಾದ ವರ್ಷ. ಇದೇ ಕೀಲಿಯಿಂದ ನಲವತ್ತು ಸಿಬ್ಬಂದಿ ಮನೆಯಿಂದಲೂ ಎಲ್2ಟಿಪಿ ಎಂಬ, ಐಪಿಸೆಕ್ ಮೇಲೆ ನಡೆಯುವ ವಿಧಾನದಲ್ಲಿ ಒಳಗೆ ಬರುತ್ತಾರೆ. ಅವರಿಗೆ ಬೇರೆ ಬೇರೆ ಪಾಸ್‌ವರ್ಡ್ ಇದೆ. ಇದನ್ನು 2014ರಲ್ಲಿ ಹಾಕಿಕೊಟ್ಟವರು ಈಗ ನಮ್ಮಲ್ಲಿಲ್ಲ. ಸೆಟ್ಟಿಂಗ್‌ನಲ್ಲಿ ‘ಅಗ್ರೆಸಿವ್ ಮೋಡ್’ ಎಂದಿದೆ. ಇದುವರೆಗೆ ಏನೂ ತೊಂದರೆಯಾಗಿಲ್ಲ. ಬದಲಾಯಿಸುವ ಅಗತ್ಯವಿದೆಯೇ?

ಉತ್ತರ: ಇದೆ, ಮತ್ತು ಈ ತಿಂಗಳೊಳಗೇ ಇದೆ. ‘ಏನೂ ತೊಂದರೆಯಾಗಿಲ್ಲ’ ಎಂದಿದ್ದೀರಿ. ಆಗಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ, ನನ್ನ ಆತಂಕ ಅದೇ.

ಐಪಿಸೆಕ್‌ನಲ್ಲಿ ಎರಡೂ ಬದಿಯವರು ಪರಸ್ಪರ ಗುರುತಿಸಿ ಕೀಲಿ ಒಪ್ಪಿಕೊಳ್ಳುವ ನಿಯಮಾವಳಿ ಐಕೆಇ. ನಿಮ್ಮದು 1998ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿ. ಅದರ ‘ಮೇನ್ ಮೋಡ್’ನಲ್ಲಿ ಶಾಖೆಯ ಗುರುತು ಗೂಢಲಿಪಿಯಲ್ಲಿ ಬರುತ್ತದೆ, ಆದರೆ ಅದನ್ನು ಬಿಡಿಸಲು ಗೇಟ್‌ವೇಗೆ (ನಿಮ್ಮ ಕೇಂದ್ರ ಕಚೇರಿಯ ಫೈರ್‌ವಾಲ್‌ಗೆ) ಪಿಎಸ್‌ಕೆ ಮೊದಲೇ ಬೇಕು, ಯಾವ ಪಿಎಸ್‌ಕೆ ಎಂದು ಆರಿಸಲು ಗುರುತು ಬೇಕು. ಹೀಗಾಗಿ ಎದುರಿನವರ ಐಪಿ ವಿಳಾಸ ನೋಡಿ ಕೀಲಿ ಆರಿಸುವುದೊಂದೇ ದಾರಿ. ವಿಳಾಸ ಬದಲಾಗುತ್ತಿದ್ದರೆ ಆ ದಾರಿಯೂ ಇಲ್ಲ. ನಿಮ್ಮಲ್ಲಿ ಅಂದು ಕೆಲಸ ಮಾಡಿದವರು ಅಗ್ರೆಸಿವ್ ಮೋಡ್ ಆರಿಸಿದ್ದು ಸೋಮಾರಿತನದಿಂದ ಅಲ್ಲ, ಇದೇ ಇಕ್ಕಟ್ಟಿನಿಂದ ಇರಬೇಕು.

ಆ ಮೋಡ್‌ನಲ್ಲಿ ಗುರುತು ಬಯಲಾಗಿಯೇ ಹೋಗುತ್ತದೆ, ಮತ್ತು ನಿಮ್ಮ ಗೇಟ್‌ವೇ ತನ್ನ ಮೊದಲ ಉತ್ತರದಲ್ಲಿಯೇ ಪಿಎಸ್‌ಕೆಯಿಂದ ಲೆಕ್ಕ ಹಾಕಿದ ಒಂದು ಹ್ಯಾಶ್ ಮೌಲ್ಯವನ್ನು (ಹಿಂದಕ್ಕೆ ತಿರುಗಿಸಲಾಗದ ಲೆಕ್ಕದ ಫಲಿತಾಂಶವನ್ನು), ಎದುರಿಗಿರುವವರು ಯಾರೆಂದು ತಿಳಿಯುವ ಮುನ್ನವೇ, ಕೈಗಿಟ್ಟುಬಿಡುತ್ತದೆ. ಆ ಲೆಕ್ಕದಲ್ಲಿ ಸೇರುವ ಬೇರೆಲ್ಲ ಸಂಖ್ಯೆಗಳೂ ಎದುರಿನವರಿಗೆ ಗೊತ್ತು. ಗೊತ್ತಿಲ್ಲದ್ದು ಪಿಎಸ್‌ಕೆ ಒಂದೇ. ಅವರು ಮನೆಗೆ ಹೋಗಿ, ತಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಕಡೆಗೆ ಮತ್ತೊಂದು ಪ್ಯಾಕೆಟ್ ಕೂಡ ಕಳಿಸದೆ, ಒಂದೊಂದೇ ಊಹೆಯನ್ನು ಹೋಲಿಸಿ ನೋಡಬಹುದು. ನಿಮ್ಮ ಲಾಗ್‌ನಲ್ಲಿ ಉಳಿಯುವುದು ಅರ್ಧಕ್ಕೆ ನಿಂತ ಒಂದು ಸಂಪರ್ಕದ ಸಾಲು ಮಾತ್ರ. ಲೆಕ್ಕ ನೋಡಿ: ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಎಲ್ಲ ಜೋಡಣೆಗಳೂ ಸೇರಿ ಸುಮಾರು 20,900 ಕೋಟಿ, ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರಕ್ಕೆ ಇದು ಮೂರೂವರೆ ನಿಮಿಷದ ಕೆಲಸ. ನಿಮ್ಮದೋ, ನಿಮ್ಮ ಕಚೇರಿಯ ಬೋರ್ಡಿನ ಮೇಲೆಯೇ ಬರೆದಿರುವ ಎರಡು ಸಂಗತಿಗಳು.

ಸ್ಟ್ರಾಂಗ್‌ಸ್ವಾನ್ ಎಂಬ ಮುಕ್ತ ತಂತ್ರಾಂಶ ಅಗ್ರೆಸಿವ್ ಮೋಡ್ ಜೊತೆಗೆ ಪಿಎಸ್‌ಕೆ ಎಂಬ ಈ ಜೋಡಣೆಗೆ ಒಪ್ಪುವುದೇ ಇಲ್ಲ. ಒಪ್ಪಿಸಬೇಕಾದರೆ ಒಂದು ಆಯ್ಕೆಯನ್ನು ಕೈಯಾರೆ ಬರೆಯಬೇಕು. ಆ ಆಯ್ಕೆಯ ಹೆಸರನ್ನೇ ಕನ್ನಡಕ್ಕೆ ತಂದರೆ ‘ನನಗೆ ಭದ್ರತೆಯ ಪರಿವೆಯಿಲ್ಲ, ಅಗ್ರೆಸಿವ್ ಮೋಡ್ ಪಿಎಸ್‌ಕೆ ಬಳಸುತ್ತೇನೆ’ ಎಂದಾಗುತ್ತದೆ. ಬರೆದವರು ತಮಾಷೆಗೆ ಇಟ್ಟ ಹೆಸರಲ್ಲ ಅದು.

ಒಂದು ಸಮಾಧಾನವಿದೆ. ಪಿಎಸ್‌ಕೆ ಸಿಕ್ಕಿದ ಮಾತ್ರಕ್ಕೆ ಹಿಂದೆ ದಾಖಲಿಸಿಟ್ಟುಕೊಂಡ ನಿಮ್ಮ ಸಂಚಾರವನ್ನು (ಜಾಲದಲ್ಲಿ ಹೋಗಿಬಂದ ಮಾಹಿತಿಯನ್ನು) ಓದಲಾಗದು, ಏಕೆಂದರೆ ಪ್ರತಿ ಸಂಪರ್ಕದ ಕೀಲಿಯೂ ಡಿಫಿ-ಹೆಲ್ಮನ್ ಎಂಬ ಕೀಲಿ ವಿನಿಮಯದಿಂದ ಹೊಸದಾಗಿ ಹುಟ್ಟುತ್ತದೆ. ಐಪಿಸೆಕ್‌ನಲ್ಲಿ ಪಿಎಸ್‌ಕೆ ‘ನಾನು ಇಂಥವನು’ ಎಂಬುದಕ್ಕೆ ಸಾಕ್ಷಿ. ಆದರೆ ಸಾಕ್ಷಿ ಕೈಗೆ ಸಿಕ್ಕಿದ ಮೇಲೆ ನಡುವೆ ಕುಳಿತು ನಿಮ್ಮ ಗೇಟ್‌ವೇಯಂತೆ ನಟಿಸಬಹುದು. ನಿಮ್ಮ ನಲವತ್ತು ಸಿಬ್ಬಂದಿಯ ಸಂಗತಿ ಇಲ್ಲಿ ಬರುತ್ತದೆ. ಅವರಲ್ಲಿ ಯಾರೊಬ್ಬರೂ, ಕೆಲಸ ಬಿಟ್ಟುಹೋದವರೂ ಸೇರಿದಂತೆ, ಯಾವುದೋ ಹೋಟೆಲಿನ ವೈಫೈನಲ್ಲಿ ಉಳಿದವರಿಗೆ ಗೇಟ್‌ವೇಯಾಗಿ ಕಾಣಿಸಿಕೊಳ್ಳಬಹುದು. ಆಗ ಬೇರೆ ಬೇರೆ ಪಾಸ್‌ವರ್ಡ್ ಇದೆ ಎಂಬ ನಿಮ್ಮ ಧೈರ್ಯವೂ ಹೆಚ್ಚು ಉಳಿಯದು: ಎಲ್2ಟಿಪಿಯಲ್ಲಿ ಸಾಮಾನ್ಯವಾಗಿ ಬಳಸುವ ಎಂಎಸ್-ಚಾಪ್ ಎಂಬ ಪಾಸ್‌ವರ್ಡ್ ಪರಿಶೀಲನಾ ವಿಧಾನದ ಎರಡನೆಯ ಆವೃತ್ತಿಯನ್ನು ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು 56 ಬಿಟ್‌ನ ಕೀಲಿಯ ಹುಡುಕಾಟಕ್ಕೆ ಇಳಿಸಬಹುದೆಂದು 2012ರಲ್ಲಿಯೇ ತೋರಿಸಲಾಗಿದೆ. ನಲವತ್ತು ಜನರ ಬಳಿ ಇರುವ ಕೀಲಿ ‘ಇವರು ನಮ್ಮ ಸಂಘದ ಕಡೆಯವರು’ ಎಂದು ಹೇಳಬಲ್ಲದೇ ಹೊರತು ‘ಇವರು ಇಂಥವರು’ ಎಂದಲ್ಲ.

ಮಾಡಬೇಕಾದುದು ಇಷ್ಟು. ಫೈರ್‌ವಾಲ್ ಐಕೆಇ ಎರಡನೆಯ ಆವೃತ್ತಿಯನ್ನು ಬೆಂಬಲಿಸುತ್ತದೆಯೇ ನೋಡಿ. ಮೊದಲ ಆವೃತ್ತಿಯನ್ನು 2023ರ ಏಪ್ರಿಲ್‌ನಲ್ಲಿ ಅಧಿಕೃತವಾಗಿಯೇ ಕೈಬಿಡಲಾಗಿದೆ. ಎರಡನೆಯದರಲ್ಲಿ ಗುರುತನ್ನು ಮುಚ್ಚುವ ಕೀಲಿ ಪಿಎಸ್‌ಕೆಯನ್ನು ಅವಲಂಬಿಸಿಲ್ಲವಾದ್ದರಿಂದ ಗೇಟ್‌ವೇ ಮೊದಲು ಗುರುತು ಓದಿ, ಆಮೇಲೆ ಆ ಶಾಖೆಯದೇ ಪಿಎಸ್‌ಕೆ ಆರಿಸಿಕೊಳ್ಳುತ್ತದೆ. ಐಪಿ ವಿಳಾಸ ಎಷ್ಟು ಬದಲಾದರೂ ಚಿಂತೆಯಿಲ್ಲ. ಆರು ಶಾಖೆಗೆ ಆರು ಯಾದೃಚ್ಛಿಕ ಕೀಲಿ ಮಾಡಿ. ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳನ್ನು ಇದರಿಂದ ಹೊರಗಿಟ್ಟು, ಗೇಟ್‌ವೇಗೆ ಸರ್ಟಿಫಿಕೇಟ್ (ಅದು ಯಾರದೆಂದು ಸಹಿ ಹಾಕಿ ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರ) ಕೊಡಿ, ಅಥವಾ ವೈರ್‌ಗಾರ್ಡ್ ಎಂಬ ಇನ್ನೊಂದು ಬಗೆಯ ವಿಪಿಎನ್‌ಗೆ ಸಾಗಿಸಿ. ಹಳೆಯ ಕೀಲಿಯನ್ನು ಯಾವುದಾದರೂ ಗುಂಪಿನಲ್ಲಿ ಫೋಟೋ ತೆಗೆದು ಹಾಕಿದ್ದಾರೆಯೇ ಎಂದು ವಿಚಾರಿಸಿ. ಹಾಕಿರುತ್ತಾರೆ.

ಮೈಸೂರಿನ ಸದಸ್ಯರು: ಪಿಎಸ್‌ಕೆ ಎಷ್ಟು ಅಕ್ಷರ ಇರಬೇಕು ಮೇಡಂ?

ಉತ್ತರ: ಮೊದಲ ಉತ್ತರ ನೋಡಿ.

ಫ್ರಾಂಕ್‌ಫರ್ಟ್‌ನಲ್ಲಿರುವ ಸದಸ್ಯರು: ವೈರ್‌ಗಾರ್ಡ್‌ನಲ್ಲಿ ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಎರಡೂ ಇರುವಾಗ ‘ಪ್ರೀಶೇರ್ಡ್ ಕೀ’ ಎಂಬ ಇನ್ನೊಂದು ಸಾಲು ಏಕಿದೆ? ನಾನು ಇಲ್ಲಿಂದ ಧಾರವಾಡದ ಮನೆಯ ರೂಟರಿಗೆ ಸಂಪರ್ಕ ಇಟ್ಟುಕೊಂಡಿದ್ದೇನೆ. ಅದನ್ನು ಖಾಲಿ ಬಿಟ್ಟಿದ್ದೇನೆ, ಎಲ್ಲವೂ ನಡೆಯುತ್ತಿದೆ.

ಉತ್ತರ: ಒಳ್ಳೆಯ ಪ್ರಶ್ನೆ. ಖಾಲಿ ಬಿಟ್ಟರೆ ಅದು ಎಲ್ಲ ಸೊನ್ನೆಗಳ ಕೀಲಿಯೆಂದು ಎಣಿಸಿ ಮುಂದೆ ಹೋಗುತ್ತದೆ, ಆದ್ದರಿಂದಲೇ ನಡೆಯುತ್ತಿದೆ. ವೈರ್‌ಗಾರ್ಡ್‌ನಲ್ಲಿ ಎದುರಿನವರನ್ನು ಗುರುತಿಸುವ ಕೆಲಸ ನೀವು ಹೇಳಿದ ಸಾರ್ವಜನಿಕ-ಖಾಸಗಿ ಕೀಲಿಗಳದು, ಅವು ಕರ್ವ್25519 ಎಂಬ ಗಣಿತದ ವಕ್ರರೇಖೆಯಿಂದ ಹುಟ್ಟುತ್ತವೆ. ಪಿಎಸ್‌ಕೆ ಅವುಗಳ ಬದಲಿಯಲ್ಲ, ಹ್ಯಾಂಡ್‌ಶೇಕ್‌ನಲ್ಲಿ (ಸಂಪರ್ಕ ಆರಂಭಿಸುವ ಸಂದೇಶ ವಿನಿಮಯದಲ್ಲಿ) ಮೇಲಿಂದ ಬೆರೆಸುವ 256 ಬಿಟ್‌ನ ಇನ್ನೊಂದು ಗುಟ್ಟು. ಇಂದು ಯಾರಾದರೂ ನಿಮ್ಮ ಸಂಚಾರವನ್ನು ದಾಖಲಿಸಿಟ್ಟುಕೊಂಡು, ಮುಂದೊಂದು ದಿನ ಕ್ವಾಂಟಂ ಕಂಪ್ಯೂಟರ್ ಬಂದಾಗ ಆ ಕರ್ವ್ ಅನ್ನು ಒಡೆದರೂ, ಪಿಎಸ್‌ಕೆ ಗುಟ್ಟಾಗಿ ಉಳಿದಿದ್ದರೆ ಒಳಗಿನದು ತೆರೆಯದು. ಐಪಿಸೆಕ್‌ಗೂ ಇದೇ ಉದ್ದೇಶದ ವಿಸ್ತರಣೆ 2020ರಲ್ಲಿ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಆ ಪಿಎಸ್‌ಕೆಯನ್ನು ಈಗಿರುವ, ಪಿಎಸ್‌ಕೆ ಇಲ್ಲದ ಸುರಂಗದ ಮೂಲಕವೇ ಧಾರವಾಡದ ರೂಟರಿಗೆ ಕಳಿಸಿದರೆ ಮಾಡಿದ ಕೆಲಸ ವ್ಯರ್ಥ, ಏಕೆಂದರೆ ದಾಖಲಿಸಿಟ್ಟುಕೊಂಡವರಿಗೆ ಆ ಹಳೆಯ ಸಂಚಾರದ ಒಳಗೇ ಅದು ಸಿಗುತ್ತದೆ. ಊರಿಗೆ ಬಂದಾಗ ಕೈಯಿಂದಲೇ ಹಾಕಿ. ಎರಡೂ ಬದಿಯಲ್ಲಿ ಒಂದೇ ಕೀಲಿ ಇಲ್ಲದಿದ್ದರೆ ವೈರ್‌ಗಾರ್ಡ್ ದೋಷದ ಸಂದೇಶ ಕೊಡುವುದಿಲ್ಲ, ಸುಮ್ಮನೆ ಹ್ಯಾಂಡ್‌ಶೇಕ್ ಆಗುವುದಿಲ್ಲ. ಒಂದು ತುದಿಯನ್ನಷ್ಟೇ ಬದಲಾಯಿಸಿ ಫ್ರಾಂಕ್‌ಫರ್ಟ್‌ಗೆ ವಿಮಾನ ಹತ್ತಬೇಡಿ. ಮೊಬೈಲಿಗೆ ಕ್ಯೂಆರ್ ಚಿತ್ರದ ಮೂಲಕ ಹಾಕುವವರು ನೆನಪಿಡಬೇಕು: ಆ ಚಿತ್ರದಲ್ಲಿ ಖಾಸಗಿ ಕೀಲಿಯೂ ಪಿಎಸ್‌ಕೆಯೂ ಎರಡೂ ಇರುತ್ತವೆ, ಸ್ಕ್ರೀನ್‌ಶಾಟ್ ತೆಗೆದರೆ ಫೋಟೋಗಳ ಜೊತೆಗೆ ಅವೂ ಕ್ಲೌಡ್‌ಗೆ ಹೋಗಬಹುದು.

ಬೆಂಗಳೂರಿನ ಸದಸ್ಯರು: ಒಟ್ಟಿನಲ್ಲಿ ಪಿಎಸ್‌ಕೆ ಎಂಬುದೇ ಹಳೆಯ ಕಾಲದ್ದು. ಎಲ್ಲರೂ ಸರ್ಟಿಫಿಕೇಟ್ ಬಳಸಿದರೆ ಈ ಪ್ರಶ್ನೆಗಳೇ ಏಳುವುದಿಲ್ಲ.

ಹುಬ್ಬಳ್ಳಿಯ ಸದಸ್ಯರು: ಮೇಲಿನ ಸದಸ್ಯರಿಗೆ ನಮಸ್ಕಾರ. ನಾನು ಸಣ್ಣ ಅಂಗಡಿಗಳಿಗೆ, ಗೋದಾಮುಗಳಿಗೆ ಸಂಪರ್ಕ ಹಾಕಿಕೊಡುವವನು. ಸರ್ಟಿಫಿಕೇಟಿನ ಅವಧಿ ಮುಗಿದು ಭಾನುವಾರ ಬೆಳಿಗ್ಗೆ ಶಾಖೆ ನಿಂತುಹೋದಾಗ ಅದನ್ನು ನವೀಕರಿಸಲು ಅಲ್ಲಿ ಯಾರಿರುತ್ತಾರೆ? ಎರಡು ತುದಿಗಳ ನಡುವೆ ಒಂದು ಉದ್ದದ ಯಾದೃಚ್ಛಿಕ ಕೀಲಿ ಇದ್ದರೆ ಏನು ಕೊರತೆ?

ಬೆಂಗಳೂರಿನ ಸದಸ್ಯರು: ಕೊರತೆ ಕೀಲಿಯದಲ್ಲ, ಅದನ್ನು ಹಾಕುವವರದು. ಉದ್ದದ ಕೀಲಿ ಎನ್ನುತ್ತೀರಿ, ಆಮೇಲೆ ಹತ್ತು ಗಿರಾಕಿಗಳಿಗೂ ಅದನ್ನೇ ಅಂಟಿಸುತ್ತೀರಿ.

ಹುಬ್ಬಳ್ಳಿಯ ಸದಸ್ಯರು: ನನ್ನ ಕೆಲಸವನ್ನು ನೋಡದೆ ಹೀಗೆ ಬರೆಯುವುದು ಸಭ್ಯತೆಯಲ್ಲ. ನೀವು ಸಹಿ ಹಾಕುವ ಮೂಲ ಕೀಲಿಯನ್ನು ಎಲ್ಲಿಟ್ಟಿದ್ದೀರಿ ಎಂದು ಮೊದಲು ಹೇಳಿ. ಅದೇ ಫೈರ್‌ವಾಲ್‌ನ ಒಳಗೇ ಇದ್ದರೆ ನಿಮ್ಮ ಸರ್ಟಿಫಿಕೇಟಿನ ಹಿರಿಮೆ ನನಗೆ ಅರ್ಥವಾಗುತ್ತದೆ.

ಮಂಗಳೂರಿನ ಸದಸ್ಯೆ: ಇಬ್ಬರ ಜಗಳದ ನಡುವೆ ನನ್ನದೊಂದು ಪ್ರಶ್ನೆ. ತೋಟದ ಸೆನ್ಸರ್‌ಗಳನ್ನು ಮಸ್ಕಿಟೋ ಎಂಬ ಸಂದೇಶ ಸರ್ವರಿಗೆ ಟಿಎಲ್‌ಎಸ್-ಪಿಎಸ್‌ಕೆ (ಪಿಎಸ್‌ಕೆಯಿಂದ ಭದ್ರಪಡಿಸಿದ ಸಂಪರ್ಕ) ಮೂಲಕ ಸೇರಿಸಬೇಕೆಂದಿದ್ದೇನೆ. ಪ್ರತಿ ಸೆನ್ಸರಿಗೂ ಬೇರೆ ಕೀಲಿ ಬೇಕೇ?

ತುಮಕೂರಿನ ಸದಸ್ಯರು: ಎಲ್ಲರ ಗಮನಕ್ಕೆ, ಈಗಷ್ಟೇ ಬಂದ ಫಾರ್ವರ್ಡ್: ‘ಪಿಎಸ್‌ಕೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದರೆ ವಿದೇಶಿ ಹ್ಯಾಕರುಗಳು ಒಡೆಯಲಾರರು. ಸೈನ್ಯದ ಮಟ್ಟದ ಕೀಲಿ ಬೇಕಾದರೆ ಕೆಳಗಿನ ವೆಬ್‌ಸೈಟಿನಲ್ಲಿ ಉಚಿತವಾಗಿ ಪಡೆಯಿರಿ. ಪೋರ್ಟ್ ಸಂಖ್ಯೆ ಬದಲಾಯಿಸಿದರೆ ಪಿಎಸ್‌ಕೆಯೇ ಬೇಡ.’ ಇದು ಸರಿಯೇ?

ಉತ್ತರ: ಮೂರೂ ತಪ್ಪು, ಮತ್ತು ಹಂಚುವ ಮೊದಲು ಕೇಳಿದ್ದರೆ ಚೆನ್ನಾಗಿತ್ತು. ಕನ್ನಡದ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ‘ಕೊಡಗು’ ಎಂದು ಎರಡು ಸಾಧನಗಳಲ್ಲಿ ಬರೆದು, ಸಂಪರ್ಕ ಏಕಾಗುತ್ತಿಲ್ಲವೆಂದು ಇಡೀ ದಿನ ಕಳೆಯುವಿರಿ. ಒಡೆಯುವವರ ಪದಪಟ್ಟಿಗೆ ಕನ್ನಡ ಸೇರಿಸುವುದು ದೊಡ್ಡ ವಿದ್ಯೆಯೇನಲ್ಲ. ವೆಬ್‌ಸೈಟ್ ಹುಟ್ಟಿಸಿಕೊಟ್ಟ ಕೀಲಿಯನ್ನು ನಿಮಗಿಂತ ಮೊದಲು ನೋಡಿರುವುದು ಆ ವೆಬ್‌ಸೈಟ್. ಪೋರ್ಟ್ ಬದಲಾಯಿಸುವುದಕ್ಕೂ ಎದುರಿನವರು ಯಾರೆಂದು ಖಚಿತಪಡಿಸಿಕೊಳ್ಳುವುದಕ್ಕೂ ಸಂಬಂಧವೇ ಇಲ್ಲ.

ತುಮಕೂರಿನ ಸದಸ್ಯರು: ನಾನು ಕೇಳಿದ್ದಷ್ಟೇ ಮೇಡಂ. ನನಗೆ ಕಳಿಸಿದವರು ದೊಡ್ಡ ಕಂಪನಿಯಲ್ಲಿದ್ದಾರೆ.

ಉತ್ತರ: ಹಾಗಾದರೆ ಅವರಿಗೂ ಈ ಉತ್ತರವನ್ನು ಫಾರ್ವರ್ಡ್ ಮಾಡಿ.

ಬಳ್ಳಾರಿಯ ಸದಸ್ಯರು: ಮನೆಯ ವೈಫೈ ಪಾಸ್‌ವರ್ಡ್ ಕೂಡ ಪಿಎಸ್‌ಕೆಯೇ ತಾನೇ? ನಾವು ಅದನ್ನು ನೆಂಟರಿಗೆಲ್ಲ ಕೊಡುತ್ತೇವೆ.

ಉತ್ತರ: ಹೌದು. ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನದಲ್ಲಿ 8ರಿಂದ 63 ಅಕ್ಷರಗಳ ನಿಮ್ಮ ಪಾಸ್‌ವರ್ಡನ್ನು ವೈಫೈ ಹೆಸರಿನೊಂದಿಗೆ ಬೆರೆಸಿ, 4096 ಸುತ್ತು ಅರೆದು ಕೀಲಿ ಮಾಡುತ್ತಾರೆ. ಅಲ್ಲಿ ಪರಿಸ್ಥಿತಿ ಐಪಿಸೆಕ್‌ಗಿಂತ ಕೆಟ್ಟದ್ದು: ಪಾಸ್‌ವರ್ಡ್ ಗೊತ್ತಿರುವ ನೆಂಟರು ನಿಮ್ಮ ಫೋನ್ ಸೇರುವಾಗಿನ ಹ್ಯಾಂಡ್‌ಶೇಕ್ ಹಿಡಿದಿಟ್ಟುಕೊಂಡರೆ ಆ ಸಂಚಾರವನ್ನೇ ಬಿಡಿಸಬಲ್ಲರು. ನೆಂಟರಿಗೆ ಬೇರೆಯೇ ಗೆಸ್ಟ್ ವೈಫೈ ಕೊಡಿ, ರೂಟರಿನಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು ಆರಿಸಿ.

ಬೆಂಗಳೂರಿನ ಸದಸ್ಯರು: ನೋಡಿ, ಮೇಡಂ ಕೂಡ ಪಿಎಸ್‌ಕೆ ಕೆಟ್ಟದ್ದೆಂದೇ ಹೇಳುತ್ತಿದ್ದಾರೆ.

ಹುಬ್ಬಳ್ಳಿಯ ಸದಸ್ಯರು: ಅವರು ಆರು ಶಾಖೆಗೆ ಆರು ಪಿಎಸ್‌ಕೆ ಹಾಕಿ ಎಂದು ಬರೆದಿರುವುದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಓದುವ ಅಭ್ಯಾಸ ಇಟ್ಟುಕೊಳ್ಳಿ.

ಉತ್ತರ: ನನ್ನ ಬಾಯಿಗೆ ನೀವು ಮಾತು ತುಂಬಬೇಡಿ, ಇಬ್ಬರೂ. ಎರಡೇ ಸಾಧನಗಳ ನಡುವಿನ, ಯಾದೃಚ್ಛಿಕವಾದ, ಒಬ್ಬರೇ ಜವಾಬ್ದಾರಿ ಹೊತ್ತ ಪಿಎಸ್‌ಕೆಗೆ ನನ್ನ ಆಕ್ಷೇಪವಿಲ್ಲ. ಮೂರನೆಯ ಸಾಧನ ಬಂದ ಕೂಡಲೇ ಅದೇ ಕೀಲಿಯನ್ನು ನಕಲು ಮಾಡುವುದಕ್ಕೆ ಆಕ್ಷೇಪವಿದೆ. ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶದ ಹಳೆಯ ಸ್ಥಿರ ಕೀಲಿಯ ಬಗೆಗೆ ಮಾತ್ರ ಎಲ್ಲ ಸಂದರ್ಭದಲ್ಲೂ ಆಕ್ಷೇಪವಿದೆ: ಅದರಲ್ಲಿ ಕೀಲಿ ವಿನಿಮಯವೇ ಇಲ್ಲದಿರುವುದರಿಂದ ಆ ಕೀಲಿಯ ಕಡತ ಒಮ್ಮೆ ಸೋರಿದರೆ ದಾಖಲಾಗಿರುವ ಹಳೆಯ ಸಂಚಾರವೆಲ್ಲ ಬಯಲಾಗುತ್ತದೆ. ಅದನ್ನು ರೂಪಿಸಿದವರೇ ಕೈಬಿಡುತ್ತಿದ್ದಾರೆ.

ಬೆಂಗಳೂರಿನ ಸದಸ್ಯರು: ಇಲ್ಲಿ ಅಭಿಪ್ರಾಯ ಹೇಳುವುದೇ ತಪ್ಪೆಂದಾದರೆ ನಾನು ಸುಮ್ಮನಿರುತ್ತೇನೆ.

ಹುಬ್ಬಳ್ಳಿಯ ಸದಸ್ಯರು: ಧನ್ಯವಾದಗಳು.

ಮಂಗಳೂರಿನ ಸದಸ್ಯೆ: ಸೆನ್ಸರ್‌ಗಳ ಪ್ರಶ್ನೆಗೆ ಉತ್ತರ ಬರಲಿಲ್ಲ.

ಸಾಗರದ ಸದಸ್ಯರು: ಮೇಡಂ, ನೀವು ಹೇಳಿದಂತೆ ವಿಚಾರಿಸಿದೆ. ಸಿಬ್ಬಂದಿಯ ಗುಂಪಿನಲ್ಲಿ ಪಿಎಸ್‌ಕೆಯ ಫೋಟೋ ಸಿಕ್ಕಿತು, ನಿವೃತ್ತರಾದ ಮೂವರು ಇನ್ನೂ ಆ ಗುಂಪಿನಲ್ಲಿದ್ದಾರೆ. ಫೈರ್‌ವಾಲ್‌ನಲ್ಲಿ ಐಕೆಇ ಎರಡನೆಯ ಆವೃತ್ತಿ ಇದೆ. ಆದರೆ ಎರಡು ಶಾಖೆಗಳ ರೂಟರುಗಳು ಹಳೆಯವು, ಅವುಗಳಲ್ಲಿ ಆ ಆಯ್ಕೆಯೇ ಕಾಣಿಸುತ್ತಿಲ್ಲ. ಹೊಸದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು, ಸಭೆ ಮುಂದಿನ ತಿಂಗಳು.

ಉತ್ತರ: ನಾಲ್ಕು ಶಾಖೆಗಳನ್ನು ಈ ವಾರವೇ ಸಾಗಿಸಿ. ಉಳಿದ ಎರಡಕ್ಕೆ ಹೊಸ ರೂಟರ್ ಬರುವವರೆಗೆ ಅಗ್ರೆಸಿವ್ ಮೋಡ್‌ನಲ್ಲಿಯೇ ಇರಬೇಕಾದರೂ ಪ್ರತಿಯೊಂದಕ್ಕೂ 32 ಬೈಟ್‌ನ ಬೇರೆ ಕೀಲಿ ಹಾಕಿ. ಹ್ಯಾಶ್ ಆಗಲೂ ಹೊರಗೆ ಹೋಗುತ್ತದೆ, ಆದರೆ ಊಹಿಸಿ ಒಡೆಯುವುದು ಸಾಧ್ಯವಾಗದು. ಸಿಬ್ಬಂದಿಯ ಎಲ್2ಟಿಪಿಯನ್ನು ಇಂದೇ ನಿಲ್ಲಿಸಿ, ಅವರ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿ. ಬೈಗುಳ ಬರುತ್ತದೆ, ಸಹಿಸಿಕೊಳ್ಳಿ. ಫೈರ್‌ವಾಲ್‌ನ ಹಳೆಯ ಬ್ಯಾಕಪ್ ಕಡತಗಳಲ್ಲಿ ಕೀಲಿ ಇರುತ್ತದೆಯಾದ್ದರಿಂದ ಹೊಸ ಬ್ಯಾಕಪ್ ಎಲ್ಲಿಡುತ್ತೀರಿ ಎಂಬುದನ್ನೂ ಈಗಲೇ ತೀರ್ಮಾನಿಸಿ. ಶಾಖೆಗಳ ಬದಲಾವಣೆಯನ್ನು ಮಾತ್ರ ತಿಂಗಳ ಕೊನೆಯ ಲೆಕ್ಕದ ದಿನ ಇಟ್ಟುಕೊಳ್ಳಬೇಡಿ.

ಸಾಗರದ ಸದಸ್ಯರು: ಎಲ್2ಟಿಪಿ ನಿಲ್ಲಿಸಿದೆ. ಕಾರ್ಯದರ್ಶಿಗಳ ಫೋನ್ ಆಗಲೇ ಬಂತು.

ಕೋಲಾರದ ಸದಸ್ಯರು: ತಡವಾಗಿ ನೋಡಿದೆ, ಕ್ಷಮಿಸಿ. ಪಿಎಸ್‌ಕೆ ಎಷ್ಟು ಅಕ್ಷರ ಇದ್ದರೆ ಒಳ್ಳೆಯದು?