ಗುಜರಿ ಶೆಡ್ಡಿನ ಪೆಟ್ಟಿಗೆ: ಹತ್ತಿರ ಹೋದವರು ದಯವಿಟ್ಟು ತಿಳಿಸಿ

ಮನೆ 12: ಎಲ್ಲರಿಗೂ ನಮಸ್ಕಾರ. ಶೆಡ್ಡಿನಲ್ಲಿ ಸಿಕ್ಕ ವಿಕಿರಣ ಗುರುತಿನ ಹಳೇ ಪೆಟ್ಟಿಗೆಯನ್ನು ಅಧಿಕಾರಿಗಳು ಒಯ್ದಿದ್ದಾರೆ. ಒಳಗೇನಿತ್ತು ಅಂತ ಇನ್ನೂ ಹೇಳಿಲ್ಲ. ಮುಟ್ಟಿದವರು, ಅಲ್ಲಿ ಆಡಿದ ಮಕ್ಕಳು ಯಾರ್ಯಾರು? ಯಾವ ದಿನ, ಎಷ್ಟು ಹೊತ್ತು ಅಂತ ಬರೆಯಿರಿ. ಪಟ್ಟಿ ಮಾಡುತ್ತಿದ್ದೇನೆ.

ಮನೆ 31: ನನ್ನ ಮಗ ಚೆಂಡು ತರೋಕೆ ಎರಡು ಸಲ ಒಳಗೆ ಹೋಗಿದ್ದ. ರಾತ್ರಿಯೆಲ್ಲ ನಿದ್ದೆ ಇಲ್ಲ. ಅಯೋಡಿನ್ ಮಾತ್ರೆ ಕೊಟ್ಟುಬಿಡಲಾ?

ಮನೆ 7: ಬೇಡ ಅಕ್ಕ. ನಾನು ಆಸ್ಪತ್ರೆಯ ವಿಕಿರಣ ವಿಭಾಗದಲ್ಲಿ ಕೆಲಸ ಮಾಡಿದವಳು, ಅದಕ್ಕೇ ಹೇಳುತ್ತಿದ್ದೇನೆ. ಆ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಮಾಮೂಲಿ ಅಯೋಡಿನ್‌ನಿಂದ ತುಂಬಿಸುತ್ತದೆ, ವಿಕಿರಣ ಅಯೋಡಿನ್‌ಗೆ ಜಾಗ ಸಿಗದ ಹಾಗೆ. ಒಳಗೆ ಸೇರಿಬಿಟ್ಟದ್ದನ್ನು ಹೊರಗೆ ಹಾಕುವುದಿಲ್ಲ. ಅದೂ ಅಲ್ಲದೆ ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತದೆ. ಹಳೇ ಪೆಟ್ಟಿಗೆಯಲ್ಲಿ ಅದು ಉಳಿದಿರುವುದಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಸೀಸಿಯಂ-137 ಅನ್ನುವ ವಿಕಿರಣ ಧಾತು ಆಗಿದ್ದರೆ ಪ್ರಷ್ಯನ್ ಬ್ಲೂ ಅನ್ನುವ ಕ್ಯಾಪ್ಸೂಲ್ ಇದೆ. ಸೀಸಿಯಂ ಕರುಳಿಗೆ ಬಂದು ಮತ್ತೆ ರಕ್ತಕ್ಕೆ ಸೇರುತ್ತಿರುತ್ತದೆ. ಈ ನೀಲಿ ಔಷಧ ಅದನ್ನು ಕರುಳಿನಲ್ಲೇ ಹಿಡಿದು ಮಲದ ಜೊತೆ ಕಳಿಸುತ್ತದೆ. ಸುಮ್ನೆ ಬಿಟ್ಟರೆ ಅರ್ಧ ಹೋಗಲು ಸುಮಾರು 110 ದಿನ ಬೇಕು, ಔಷಧ ಕೊಟ್ಟರೆ ಸುಮಾರು 30. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಹೀಗೇ ಗುಜರಿಗೆ ಹೋದ ಚಿಕಿತ್ಸಾ ಯಂತ್ರ ಒಡೆದು, ಹೊಳೆಯುವ ಸೀಸಿಯಂ ಪುಡಿಯನ್ನು ಜನ ಮನೆಗೆ ಒಯ್ದರು. ನಾಲ್ವರು ತೀರಿಕೊಂಡರು. 46 ಜನರಿಗೆ ಈ ಔಷಧ ಕೊಟ್ಟರು.

ಮನೆ 24: ಹಾಗಾದ್ರೆ ಅದನ್ನೇ ಎಲ್ಲರಿಗೂ ತರಿಸೋಣ ಅಲ್ವಾ? ಇಲ್ಲಾಂದ್ರೆ ದೇಹ ಶುದ್ಧಿ ಮಾಡುವ ಪುಡಿ ಅಂತ ಒಂದು ಮೆಸೇಜ್ ಬಂದಿದೆ.

ಮನೆ 7: ಎರಡೂ ಬೇಡ ಸರ್. ಚಿತ್ರಕಾರರು ಬಳಸುವ ಅದೇ ಹೆಸರಿನ ಬಣ್ಣವನ್ನಂತೂ ಯಾರೂ ತಿನ್ನಬೇಡಿ. ಅಮೆರಿಷಿಯಂ, ಪ್ಲುಟೋನಿಯಂ ಆದರೆ ಔಷಧವೇ ಬೇರೆ, ಡಿಟಿಪಿಎ ಅಂತ. ರಕ್ತನಾಳಕ್ಕೆ ಕೊಡುತ್ತಾರೆ, ಮೂತ್ರದಲ್ಲಿ ಹೋಗುತ್ತದೆ. ಅದನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಯಾವ ಧಾತು ಅಂತ ಗೊತ್ತಿಲ್ಲದೆ ಯಾವ ಔಷಧ ಕೊಡೋದು? ಪೆಟ್ಟಿಗೆ ಒಡೆದಿರದಿದ್ದರೆ, ಎಕ್ಸ್‌ರೇ ತೆಗೆಸಿಕೊಂಡ ಹಾಗೆ ಕಿರಣ ಹಾದುಹೋಗಿರಬಹುದು, ಆದರೆ ದೇಹದೊಳಗೆ ತೆಗೆಯಬೇಕಾದ್ದು ಏನೂ ಇರುವುದಿಲ್ಲ. ಆಗಲೂ ವೈದ್ಯರು ನೋಡಲೇಬೇಕು.

ಮನೆ 12: ಸರಿ ಮೇಡಂ. ಒಳಗೆ ಏನಿತ್ತು, ಒಡೆದಿತ್ತಾ ಅಂತ ಬರಹದಲ್ಲಿ ಕೇಳುತ್ತೇನೆ. ಪಟ್ಟಿಯಲ್ಲಿರುವವರು ನಾಳೆವರೆಗೆ ಕಾಯೋದು ಬೇಡ, ಇವತ್ತೇ ಪರೀಕ್ಷೆಗೆ ಹೋಗೋಣ. ನನ್ನ ಕಾರಿನಲ್ಲಿ ನಾಲ್ಕು ಜನ ಹಿಡಿಯುತ್ತಾರೆ.

ಮನೆ 7: ಅಂದು ಹಾಕಿದ್ದ ಬಟ್ಟೆಯನ್ನು ಕೊಡವದೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಸೋಪು ಹಚ್ಚಿ ಸ್ನಾನ ಮಾಡಿ, ಚರ್ಮ ಉಜ್ಜಿ ಗಾಯ ಮಾಡಿಕೊಳ್ಳಬೇಡಿ. ಅಕ್ಕ, ಮಗನ ಚೆಂಡನ್ನೂ ಚೀಲಕ್ಕೆ ಹಾಕಿ.

ಮನೆ 31: ಹಾಕಿದೆ. ಗೇಟಿನ ಹತ್ತಿರ ನಿಂತಿದ್ದೇವೆ.